ಗೋಲ್ ಕಂಬದ ಪಕ್ಕದ ಹಸಿರು ಚುಕ್ಕಿ

ರಾತ್ರಿ ಎರಡು ಗಂಟೆ ಹತ್ತು ನಿಮಿಷ. ನನ್ನನ್ನು ಎಬ್ಬಿಸಿದ್ದು ತೊಟ್ಟಿಲಿನ ಮರದ ಸರಳು ಕಟಕಟ ಎಂದ ಸದ್ದು.

ಸಾನ್ ಹೆರ್ವಾಸಿಯೋ ಪುರಸಭೆಯ ಡಿಜಿಟಲ್ ನಕ್ಷಾ ವಿಭಾಗದ ಮಾನ್ಯ ಮುಖ್ಯಸ್ಥರೇ, ಆ ಹೊತ್ತಿನಲ್ಲಿ ತಾವು ಸುಖನಿದ್ರೆಯಲ್ಲಿದ್ದಿರಿ ಎಂದು ನಂಬಿದ್ದೇನೆ. ಇರಲೇಬೇಕು. ತಮ್ಮ ನಕ್ಷೆಯಲ್ಲಿ ಊರಿಗೆ ಊರೇ ಹಸಿರಾಗಿರುವಾಗ ಯಾರಿಗೆ ತಾನೆ ನಿದ್ದೆ ಬಾರದು? ನನಗೆ ಬರುವುದಿಲ್ಲ. ಆ ಸರಳು ಒಮ್ಮೆ ಬೇರೆ ಕಾರಣಕ್ಕೆ ಸದ್ದು ಮಾಡಿದ್ದನ್ನು ಕೇಳಿದವಳು ನಾನು. ಇವತ್ತು ಮಗು ನಿದ್ದೆಗಣ್ಣಿನಲ್ಲಿ ಒದ್ದದ್ದಷ್ಟೇ. ಆದರೆ ಮುಟ್ಟಿ ನೋಡಿದರೆ ಹಣೆ ಬಿಸಿ.

ನನ್ನ ತಕರಾರನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ತಾವು ಓದದಿದ್ದರೂ ಆಗಲಿ ಎಂದು. ತಾವು ನನ್ನ ಮನೆಯನ್ನು ಕಮರಿಯ ಆಚೆ ದಡದ ಫುಟ್‌ಬಾಲ್ ಮೈದಾನದಲ್ಲಿ ಇಟ್ಟಿದ್ದೀರಿ. ಈ ಬೆಳಗ್ಗೆ ಆರು ಗಂಟೆಯಿಂದ ನಮ್ಮ ಊರಿನ ಆಂಬುಲೆನ್ಸ್‌ಗಳು ಬಾಯಲ್ಲಿ ಹೇಳಿದ ವಿಳಾಸಕ್ಕೆ ಹೋಗುವುದಿಲ್ಲ, ತಮ್ಮ ನಕ್ಷೆಯ ಚುಕ್ಕಿಗೆ ಮಾತ್ರ ಹೋಗುತ್ತವೆ. ನನ್ನ ಮಗಳು ಅಬ್ರಿಲ್‌ಗೆ ಹದಿಮೂರು ತಿಂಗಳು, ಮತ್ತು ಅವಳಿಗೆ ಜ್ವರ ಬಂದಿದೆ.

ಮೊದಲು ತಮ್ಮನ್ನು ಅಭಿನಂದಿಸಬೇಕು. ನಕ್ಷೆ ಚೆಲುವಾಗಿದೆ. ವ್ಯಂಗ್ಯವಲ್ಲ ಇದು. ಮಗು ಹುಟ್ಟುವ ಮೊದಲು ನಾನು ಇಂಥದೇ ನಕ್ಷೆಗಳಿಗೆ ಬಣ್ಣ ಬಳಿದು ಸಂಬಳ ತೆಗೆದುಕೊಂಡವಳು, ಕಾಲೇಜಿನಲ್ಲಿ ಓದಿದ್ದು ಭೂಗೋಳ. ಹಾಗಾಗಿ ಮೆಚ್ಚುವ ಅರ್ಹತೆ ನನಗೆ ಸ್ವಲ್ಪ ಇದೆ. ಪ್ರತಿ ಮನೆಗೂ ಒಂದು ದುಂಡನೆಯ ಚುಕ್ಕಿ, ಅದಕ್ಕೆ ಬಿಳಿಯ ಅಂಚು, ಕೆಳಗೆ ತೆಳ್ಳಗೆ ನೆರಳು. ಬೆರಳು ಹತ್ತಿರ ತಂದರೆ ಚುಕ್ಕಿ ಹಿಗ್ಗುತ್ತದೆ. ಮುಟ್ಟಿದರೆ ಒಂದು ಪುಟ್ಟ ಕಿಟಕಿ ಅರಳಿ 'ನಿಮ್ಮ ಮನೆ, ಪರಿಶೀಲಿಸಲಾಗಿದೆ' ಎನ್ನುತ್ತದೆ. ಇಷ್ಟು ಮುದ್ದಾದ ತಪ್ಪನ್ನು ನಾನು ಈವರೆಗೆ ಕಂಡಿರಲಿಲ್ಲ.

ತಪ್ಪು ಹೇಗೆ ಹುಟ್ಟಿತು ಎಂದು ತಮಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು. ತಾವೂ ಇದೇ ಊರಿನ ಅನ್ನ, ಅವರೆಕಾಳು ತಿಂದು ಬೆಳೆದವರು. ನಮ್ಮ ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ಸಂಖ್ಯೆಯಿಲ್ಲ. ನನ್ನ ವಿಳಾಸ: ಹಳೆಯ ಐಸ್ ಕಾರ್ಖಾನೆಯಿಂದ ಮುನ್ನೂರು ಮೀಟರ್ ದಕ್ಷಿಣಕ್ಕೆ, ಎಪ್ಪತ್ತೈದು ಪೂರ್ವಕ್ಕೆ, ನೀಲಿ ಗೇಟು. ಐಸ್ ಕಾರ್ಖಾನೆ ನಾನು ಹುಟ್ಟುವ ಮೊದಲೇ ಸುಟ್ಟುಹೋಯಿತು, ಈಗ ಅಲ್ಲಿ ಟೈರ್ ಅಂಗಡಿ ಇದೆ. ಆದರೆ ಟೈರ್ ಅಂಗಡಿ ಎಂದರೆ ಯಾರಿಗೂ ದಾರಿ ತಿಳಿಯುವುದಿಲ್ಲ, ಐಸ್ ಕಾರ್ಖಾನೆ ಎಂದರೆ ಕೂಸಿಗೂ ತಿಳಿಯುತ್ತದೆ. ಹಾಗೆಯೇ ನೂರು ಮೀಟರ್ ಎಂದರೆ ಒಂದು ಮೂಲೆಯಿಂದ ಮುಂದಿನ ಮೂಲೆ, ಅಷ್ಟೆ. ಆ ಮೂಲೆ ಅರವತ್ತು ಮೀಟರಿಗೆ ಬಂದರೂ ನೂರೇ, ನೂರ ಮೂವತ್ತಕ್ಕೆ ಬಂದರೂ ನೂರೇ. ಐವತ್ತು ಎಂದರೆ ಅರ್ಧ ದಾರಿ. ಇಡೀ ಕೋಸ್ಟರಿಕಾದಲ್ಲಿ ಈ ಲೆಕ್ಕಕ್ಕೆ ಟೇಪು ಹಿಡಿದವರು ಯಾರೂ ಇಲ್ಲ. ನಮ್ಮದು ಗುಡ್ಡದ ಬೀದಿ, ಮೂಲೆಗಳು ಹತ್ತಿರ ಹತ್ತಿರ. ನನ್ನ ಮುನ್ನೂರು ಮೀಟರ್ ನಿಜವಾಗಿ ಇನ್ನೂರೂ ಮುಟ್ಟುವುದಿಲ್ಲ.

ತಮ್ಮ ಗಣತಿಯ ಹುಡುಗಿ ಕೈಯಲ್ಲಿ ಫೋನು ಹಿಡಿದು ಬಂದದ್ದು ಕಳೆದ ಮಾರ್ಚಿನಲ್ಲಿ. ಪಕ್ಕದ ಮನೆಯ ಹಿರಿಯಮ್ಮ ದೋನ್ಯ ಎರ್ಮಿದಾ ಅವಳನ್ನು ಕೂರಿಸಿ ಕಾಫಿ ಕೊಟ್ಟರು. ಹುಡುಗಿ ಕೇಳಿದಳು, "ವಿಳಾಸ ಹೇಳಿ ಬಂಗಾರ." ನಾನು ಹೇಳಿದೆ. ದೋನ್ಯ ಎರ್ಮಿದಾ ಹೇಳಿದರು. ಇಡೀ ಬೀದಿ ಹೇಳಿತು. ಹುಡುಗಿ ಮುನ್ನೂರು ಎಂದು ಬರೆದುಕೊಂಡಳು, ಹೊರಟುಹೋದಳು. ಹೊರದೇಶದವನೊಬ್ಬ ಬಂದಿದ್ದರೆ 'ಎಲ್ಲಿಂದ ಎಲ್ಲಿಗೆ ಮುನ್ನೂರು?' ಎಂದು ಕೇಳುತ್ತಿದ್ದ, ಎರಡು ಸಲ ನಡೆದು ನೋಡುತ್ತಿದ್ದ. ಅವಳು ನಮ್ಮವಳೇ ಆದ್ದರಿಂದ ಕೇಳಲಿಲ್ಲ, ನಾವು ನಮ್ಮವರೇ ಆದ್ದರಿಂದ ಹೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಯಾರೂ ಯಂತ್ರಕ್ಕೆ ತಿಳಿಸಲಿಲ್ಲ. ಯಂತ್ರವೋ, ಪಾಪ, ವಿಧೇಯ. ಟೈರ್ ಅಂಗಡಿಯ ಮೇಲೆ ಕಾಲೂರಿ ದಕ್ಷಿಣಕ್ಕೆ ಮುಖ ಮಾಡಿ ಪಕ್ಕಾ ಮುನ್ನೂರು ಮೀಟರ್ ಅಳೆಯಿತು. ನಮ್ಮ ಬೀದಿ ದಾಟಿತು, ಕಮರಿ ದಾಟಿತು, ಮೈದಾನದ ಹುಲ್ಲಿನ ಮೇಲೆ ನನ್ನ ಮನೆಯನ್ನು ಇಳಿಸಿತು.

ನನ್ನದೊಂದೇ ಅಲ್ಲ. ಬೀದಿಯ ಈ ತುದಿಯ ಹನ್ನೊಂದು ಮನೆಗಳೂ ಅಲ್ಲಿಯೇ ಇವೆ. ಹನ್ನೊಂದು! ಎಲ್ಲರೂ ಒಂದೇ ಹಸಿರು ಅಂಗಿ ತೊಟ್ಟು ಸಾಲಾಗಿ ನಿಂತಿದ್ದೇವೆ. ನಾನು ಬಲಬದಿಯ ಮುಂಚೂಣಿ ಆಟಗಾರ್ತಿ, ಗೋಲ್ ಕಂಬದ ಪಕ್ಕದಲ್ಲೇ. ಎದುರಿನ ಗೋಲಿನ ಬಾಯಲ್ಲಿ ದೋನ್ಯ ಎರ್ಮಿದಾ. ನಾನು ಫೋನಿನಲ್ಲಿ ತೋರಿಸಿದಾಗ ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಇದ್ಯಾವ್ದೇ ಇದು, ಈ ಚುಕ್ಕಿ?"

"ನೀವೇ ದೋನ್ಯ."

"ಎಪ್ಪತ್ನಾಲ್ಕು ವರ್ಷಕ್ಕೆ ನನ್ನ ಗೋಲ್‌ಕೀಪರ್ ಮಾಡವ್ರಾ? ಮಂಡಿ ಮಡಚಕ್ಕಾಗಲ್ಲ ಅಂತ ಹೇಳ್ಬೇಕಿತ್ತು ನೀನು!"

ನಕ್ಕೆವು. ಆಗ ನಗಬಹುದಿತ್ತು. ಅದಾಗಿ ಹದಿನೈದು ದಿನಕ್ಕೆ ಸಂಜೆ, ಜಿನುಗು ಮಳೆ, ಒಲೆಯ ಮೇಲೆ ಬೆಲ್ಲದ ನೀರು ಕಾಯುತ್ತಿತ್ತು. ತೊಟ್ಟಿಲು ಕಟಕಟ ಎಂದಿತು. ಎದ್ದಿದ್ದಾಳೆ ಎಂದುಕೊಂಡು ನಿಧಾನಕ್ಕೇ ಹೋದೆ. ಅಬ್ರಿಲ್‌ಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು. ಆ ಅದುರಾಟವೇ ಸರಳಿಗೆ ಬಡಿಯುತ್ತಿತ್ತು. ಮುಖದ ಬಣ್ಣ ಹೇಗಿತ್ತು ಎಂದು ಬರೆಯಲಾರೆ. ನನ್ನ ಗಂಡ ಹೈನರ್, ಲಿಮೋನ್ ಎಂಬ ಊರಿನ ಬಂದರಿನಲ್ಲಿ ಅನಾನಸ್ ಪೆಟ್ಟಿಗೆ ಏರಿಸುವ ಪಾಳಿಯಲ್ಲಿದ್ದ, ವಾರಕ್ಕೊಮ್ಮೆ ಬರುವವನು. ತುರ್ತು ಸಂಖ್ಯೆಗೆ ಕರೆ ಮಾಡಿದೆ. ಆಗ ತಮ್ಮ ನಕ್ಷೆ 'ಪ್ರಾಯೋಗಿಕ' ಹಂತದಲ್ಲಿತ್ತು, ಅಂದರೆ ಪ್ರಯೋಗ ನಮ್ಮ ಮೇಲೆ ನಡೆಯುತ್ತಿತ್ತು.

ಆಂಬುಲೆನ್ಸ್ ಬೇಗ ಬಂತು. ಅದನ್ನು ನಾನು ಎಲ್ಲರೆದುರು ಒಪ್ಪುತ್ತೇನೆ. ಎಷ್ಟು ಬೇಗ ಬಂತೆಂದರೆ, ಮಗುವನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಓಡುವಷ್ಟರಲ್ಲಿ ಕಮರಿಯ ಆಚೆ ಅದರ ಕೆಂಪು ದೀಪ ಮೈದಾನದ ನಡುವೆ ಸುತ್ತುತ್ತಿತ್ತು. ಆಡುತ್ತಿದ್ದವರು ಆಟ ನಿಲ್ಲಿಸಿ ಗಾಡಿಯ ಸುತ್ತ ನಿಂತಿದ್ದರು. ಫೋನು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಸಹಾಯವಾಣಿಯ ಹೆಂಗಸು ಗಾಡಿಯ ಚಾಲಕನನ್ನೂ ನನ್ನನ್ನೂ ಒಂದೇ ತಂತಿಗೆ ಸೇರಿಸಿದಳು.

"ಅಮ್ಮಾ, ಬಾಗ್ಲು ತೆಗೀರಿ. ನಾವು ನಿಮ್ಮನೆ ಮುಂದೇನೇ ಇದೀವಿ."

"ಇಲ್ಲ ಅಣ್ಣಾ, ಇಲ್ಲ. ಈ ಕಡೆ ದಡ. ಕೈ ಬೀಸ್ತಿದೀನಿ ನೋಡಿ."

"ಪರದೇಲಿ 'ತಲುಪಿದೀರಿ' ಅಂತಿದೆ ತಾಯಿ. ಹಸಿರು ತೋರಿಸ್ತಿದೆ."

"ನಿಮ್ಮೆದುರಿಗೆ ಏನಿದೆ ಹೇಳಿ, ಮನೆ ಇದ್ಯಾ?"

ಗಾಡಿಯ ಬಾಗಿಲು ತೆರೆದ ಸದ್ದು. ಆಮೇಲೆ, ತಗ್ಗಿದ ದನಿಯಲ್ಲಿ: "ಗೋಲ್ ಕಂಬ ಇದೆ."

ಮೈದಾನದಿಂದ ಯಾರೋ ಕೂಗುತ್ತಿದ್ದರು: "ಓ ಅಲ್ಲಿ! ಆ ಹೆಂಗ್ಸು! ಮಗು ಎತ್ಕೊಂಡವ್ಳಲ್ಲ, ಅಲ್ಲಿ ಕಣ್ರೋ!" ಮಧ್ಯೆ ಇದ್ದದ್ದು ಕಲ್ಲೆಸೆದರೆ ಬೀಳುವಷ್ಟು ದೂರ. ಆದರೆ ಕಮರಿಗೆ ಕಾಲುಸೇತುವೆ ಇಲ್ಲ, ಹೆದ್ದಾರಿಯ ಸೇತುವೆ ಸುತ್ತಿ ಬರಬೇಕು, ಅದು ಸಂಜೆಯ ವಾಹನ ದಟ್ಟಣೆ. ಆಗ ಸಹಾಯವಾಣಿಯ ಆ ಹೆಂಗಸು, ಅವಳ ಹೆಸರು ನನಗೆ ತಿಳಿಯದು, ಅವಳ ಹೊಟ್ಟೆ ತಣ್ಣಗಿರಲಿ, ಒಂದು ಮಾತು ಹೇಳಿದಳು. "ಚುಕ್ಕಿ ಮನೆ ಹಾಳಾಗ್ಲಿ, ನೀವು ಬಾಯಲ್ಲಿ ಹೇಳಿ ಬಂಗಾರ, ನಾನು ಅವ್ರಿಗೆ ದಾರಿ ಹೇಳ್ತೀನಿ." ಐಸ್ ಕಾರ್ಖಾನೆ ಎಂದೆ. ಗೊತ್ತಾಯಿತು ಎಂದಳು. ಅಷ್ಟರಲ್ಲಿ ದೋನ್ಯ ಎರ್ಮಿದಾ ತಮ್ಮ ಅಳಿಯನ ತರಕಾರಿ ಲಾರಿ ಹೊರಡಿಸಿಬಿಟ್ಟಿದ್ದರು. ಸೀಮೆಬದನೆ ಮೂಟೆಗಳ ನಡುವೆ ಕೂತು, ಮಗುವನ್ನು ಮಗ್ಗುಲಿಗೆ ತಿರುಗಿಸಿ ಹಿಡಿದು ಹೋದೆ. ಸೇತುವೆಯ ಮೇಲೆ ಆಂಬುಲೆನ್ಸ್ ಎದುರಾಯಿತು, ಅಲ್ಲೇ ಗಾಡಿ ಬದಲಾಯಿಸಿದೆವು. ಅದುರಾಟ ಅಷ್ಟರಲ್ಲಿ ತಾನಾಗಿ ನಿಂತಿತ್ತು.

ಜ್ವರದ ಸೆಳವು ಎಂದರು ವೈದ್ಯರು. ಈ ವಯಸ್ಸಿನಲ್ಲಿ ಕೆಲವು ಮಕ್ಕಳಿಗೆ ಬರುತ್ತದೆ, ಹೆದರಬೇಡಿ. ಮತ್ತೆ ಜ್ವರ ಏರಿದಾಗ ಮತ್ತೆ ಬರಬಹುದು. ಐದು ನಿಮಿಷ ಮೀರಿದರೆ ಮಾತ್ರ ತಡಮಾಡದೆ ಆಂಬುಲೆನ್ಸ್ ಕರೆಯಿರಿ. ಹೆದರಬೇಡಿ ಎಂಬುದನ್ನು ನಾನು ಮರೆತೆ, ಐದು ನಿಮಿಷ ಎಂಬುದನ್ನು ಮರೆಯಲಿಲ್ಲ.

ಮರುದಿನವೇ ತಮ್ಮ ಕಚೇರಿಗೆ ಬಂದೆ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು. ಕೌಂಟರಿನ ಕಿಟಕಿಯಾಚೆ ಕೂತಿದ್ದ ಸಿಬ್ಬಂದಿ ಸಹೋದರಿ ಬಹಳ ಸೌಜನ್ಯದವರು. ಮಗುವಿನ ಗಲ್ಲ ಹಿಂಡಿದರು, ನನ್ನನ್ನು ಬಂಗಾರ ಎಂದು ಕರೆದರು. ಈ ದೇಶದಲ್ಲಿ ಕೆಲಸ ಆಗುವುದಿಲ್ಲ ಎನ್ನುವಾಗ ಬಂಗಾರ ಎನ್ನದವರುಂಟೇ?

"ಬಂಗಾರ, ನಿಮ್ಮ ಚುಕ್ಕಿ ಹಸಿರಿದ್ಯಲ್ಲ. ಹಸಿರು ಅಂದ್ರೆ ಪರಿಶೀಲನೆ ಆಗಿದೆ ಅಂತ."

"ಮೇಡಂ, ನಾನು ಮೈದಾನದಲ್ಲಿ ವಾಸ ಮಾಡ್ತಿಲ್ಲ."

"ತಕರಾರಿದ್ರೆ ಕಿತ್ತಳೆ ಆಗತ್ತೆ. ಕಿತ್ತಳೆ ಆದ ಮೇಲೆ ಬನ್ನಿ, ನೋಡೋಣ."

"ಕಿತ್ತಳೆ ಮಾಡೋದು ಯಾರು?"

ಅವರು ಸುತ್ತ ನೋಡಿದರು, ಯಾರಾದರೂ ಕೈ ಎತ್ತುತ್ತಾರೇನೋ ಎಂಬಂತೆ. "ಅದು ತಾನಾಗೇ ಆಗತ್ತೆ ಅನ್ಸತ್ತೆ, ಬಂಗಾರ."

ಆ ರಾತ್ರಿ ತಮ್ಮ ನಕ್ಷೆಯ ಒಡಲನ್ನು ತೆರೆದು ಓದಿದೆ. ಕಳ್ಳತನವಲ್ಲ. ಯಾವ ಪುಟವಾದರೂ ಅದರ ಹಿಂದಿನ ಕೋಡನ್ನು ಕೇಳಿದವರಿಗೆಲ್ಲ ತೋರಿಸುತ್ತದೆ. ಮೊದಲು ಮನೆಗಳ ಫೈಲು. ಮನೆಗೊಂದು ದಾಖಲೆ: ಚುಕ್ಕಿ ಎಲ್ಲಿ ನಿಲ್ಲಬೇಕು ಎನ್ನುವ ಎರಡು ಅಂಕಿ, ಅದರ ಜೊತೆಗೆ ಆ ಮನೆಯ ವಿವರಗಳು. ಯಜಮಾನರ ಹೆಸರು, ಹೇಳಿದ ವಿಳಾಸ, ಫೋನ್ ಸಂಖ್ಯೆ, ಕೊನೆಯಲ್ಲಿ 'ಸ್ಥಿತಿ' ಎಂಬ ಒಂದು ಖಾನೆ. ಪರಿಶೀಲನೆ ಆಗಿದೆಯೋ ಇಲ್ಲವೋ ಎಂದು ಬರೆಯಬೇಕಾದ ಖಾನೆ ಅದು. ನನ್ನದು ಖಾಲಿ. ದೋನ್ಯ ಎರ್ಮಿದಾರದು ಖಾಲಿ. ಕೆಳಕ್ಕೆ ಸರಿಸುತ್ತ ಹೋದೆ. ಇಡೀ ಊರಿನದು ಖಾಲಿ, ಮಾನ್ಯರೇ. ಎಲ್ಲೋ ಒಂದು ಕಡೆ ಯಾರೋ ಪುಣ್ಯಾತ್ಮರು ಏನಾದರೂ ಬರೆದಿರಬಹುದು ಎಂದು ಬೆರಳು ನೋಯುವವರೆಗೆ ಸರಿಸಿದೆ.

ಹಾಗಿದ್ದರೆ ಹಸಿರು ಎಲ್ಲಿಂದ ಬಂತು? ಅದು ಬಣ್ಣದ ನಿಯಮದಲ್ಲಿದೆ, ಎರಡೇ ಸಾಲು. ಸ್ಥಿತಿಯಲ್ಲಿ 'ತಕರಾರು' ಎಂದಿದ್ದರೆ ಚುಕ್ಕಿಗೆ ಕಿತ್ತಳೆ. ಬೇರೆ ಏನಿದ್ದರೂ, ಏನೂ ಇಲ್ಲದಿದ್ದರೂ, ಹಸಿರು. ಮುಟ್ಟಿದಾಗ ಅರಳುವ ಕಿಟಕಿಯ 'ಪರಿಶೀಲಿಸಲಾಗಿದೆ' ಎಂಬ ಮಾತಂತೂ ಯಾವ ಖಾನೆಯಿಂದಲೂ ಬರುವುದಿಲ್ಲ, ಅದನ್ನು ಕೋಡಿನಲ್ಲೇ ಶಾಶ್ವತವಾಗಿ ಕೆತ್ತಲಾಗಿದೆ. ನಾಳೆ ಚಂದ್ರನ ಮೇಲೆ ಒಂದು ಚುಕ್ಕಿ ಇಟ್ಟರೂ ಅದು ಪರಿಶೀಲಿತವೇ. ಇನ್ನು 'ತಕರಾರು' ಎಂದು ಬರೆಯುವ ಗುಂಡಿ ನಾಗರಿಕರ ಪುಟದಲ್ಲಿ ಇಲ್ಲ, ತಮ್ಮ ಕಚೇರಿಯ ಆ ಸಹೋದರಿಯ ಪರದೆಯಲ್ಲೂ ಇಲ್ಲ. ಎಷ್ಟು ನಿಶ್ಚಿಂತ ವ್ಯವಸ್ಥೆ! ದೂರು ಹುಟ್ಟದಂತೆ ಬಣ್ಣದ ಮಟ್ಟದಲ್ಲೇ ತಡೆದುಬಿಟ್ಟಿದ್ದೀರಿ.

ಒಂದು ಕ್ಷಣ ಯೋಚಿಸಿ ನೋಡಿ. ನೋಡಿದ್ದೇವೆ, ಸರಿಯಿದೆ ಎನ್ನುವುದಕ್ಕೂ ನೋಡೇ ಇಲ್ಲ ಎನ್ನುವುದಕ್ಕೂ ಒಂದೇ ಬಣ್ಣ ಬಳಿಯಬಹುದೇ? ವೈದ್ಯರು ಮುಟ್ಟದ ಮಗುವನ್ನೆಲ್ಲ ಆರೋಗ್ಯವಾಗಿದೆ ಎಂದು ಬರೆದರೆ ತಾವು ಸುಮ್ಮನಿರುತ್ತೀರಾ? ಬೂದುಬಣ್ಣ ಎಂಬುದೊಂದಿದೆ, ಮಾನ್ಯರೇ. ಬಹಳ ವಿನಯದ ಬಣ್ಣ. 'ನಮಗೆ ಗೊತ್ತಿಲ್ಲ' ಎಂದು ಹೇಳಲು ನಕ್ಷೆ ಮಾಡುವವರೆಲ್ಲ ಅದನ್ನೇ ಬಳಸುತ್ತಾರೆ. ಆದರೆ ಊರಿಗೆ ಊರೇ ಬೂದುಬಣ್ಣವಾಗಿ ಕಂಡಿದ್ದರೆ ಉದ್ಘಾಟನೆಯ ದಿನ ಮೇಯರ್ ಸಾಹೇಬರ ಹಿಂದಿನ ದೊಡ್ಡ ಪರದೆಯ ಮೇಲೆ ಚೆನ್ನಾಗಿರುತ್ತಿರಲಿಲ್ಲ, ಅದನ್ನೂ ಬಲ್ಲೆ. ಹಸಿರು ಫೋಟೋದಲ್ಲಿ ಚೆನ್ನಾಗಿ ಬಂದಿತ್ತು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬುಗಳನ್ನು ಹಂಚಿದಿರಂತೆ, ಅವೂ ಹಸಿರೇ.

ಹೈನರ್‌ಗೆ ಫೋನಿನಲ್ಲಿ ಹೇಳಿಕೊಂಡು ಅತ್ತೆ. ಅವನೆಂದ, "ಅಳ್ಬೇಡ ಕಣೇ. ಓದಿದೀಯಲ್ಲ, ನೀನೇ ಸರಿಮಾಡಿ ಕಳ್ಸು. ಅವ್ರಿಗೂ ಕೆಲ್ಸ ಉಳೀತು." ಮಾಡಿದೆ. ಮಗು ಮಲಗಿದಾಗಲೆಲ್ಲ ಕೂತು, ನಮ್ಮ ಬೀದಿಯ ಮೂಲೆಗಳನ್ನು ನಡೆದು ನೋಡಿ, ಹನ್ನೊಂದು ಮನೆಗಳನ್ನೂ ಅವುಗಳ ಜಾಗಕ್ಕೆ ತಂದೆ. ಬಣ್ಣದ ನಿಯಮಕ್ಕೆ ಬೂದುಬಣ್ಣದ ಒಂದು ಸಾಲು ಸೇರಿಸಿದೆ. ಒಂದೇ ಸಾಲು. ತಮ್ಮ ವಿಭಾಗಕ್ಕೆ ಇಮೇಲ್ ಮಾಡಿದೆ. ತಮ್ಮಿಂದ ಉತ್ತರ ಬಂತು, ಅದಕ್ಕೂ ಧನ್ಯವಾದ: ಫೈಲುಗಳನ್ನು ಇಮೇಲಿನಲ್ಲಿ ಸ್ವೀಕರಿಸಲಾಗುವುದಿಲ್ಲ, ಮೂರು ಪ್ರತಿ ಮುದ್ರಿಸಿ, ರೆವಿನ್ಯೂ ಸ್ಟಾಂಪು ಅಂಟಿಸಿ, ಖುದ್ದಾಗಿ ಸಲ್ಲಿಸತಕ್ಕದ್ದು. ಡಿಜಿಟಲ್ ನಕ್ಷಾ ವಿಭಾಗಕ್ಕೆ ನಕ್ಷೆಯ ಕೋಡನ್ನು ಕಾಗದದ ಮೇಲೆ ಮುದ್ರಿಸಿ ಕೊಟ್ಟೆ. ಸಹೋದರಿ ಮೂರೂ ಪ್ರತಿಗೆ ಮುದ್ರೆ ಒತ್ತಿ, "ಎಷ್ಟು ನೀಟಾಗಿ ಮಾಡಿದೀರಿ ಬಂಗಾರ" ಎಂದರು. ಆ ಕಾಗದಗಳು ಈಗ ಎಲ್ಲಿವೆಯೋ. ನನ್ನ ಚುಕ್ಕಿಯಂತೂ ಗೋಲ್ ಕಂಬ ಬಿಟ್ಟು ಕದಲಿಲ್ಲ, ಈಗಷ್ಟೇ ನೋಡಿದೆ.

ಹಾಗೆಂದು ತಮ್ಮ ಉದ್ದೇಶವೇ ಕೆಟ್ಟದ್ದು ಎನ್ನುವುದಿಲ್ಲ. ಸುಟ್ಟುಹೋದ ಕಾರ್ಖಾನೆಯ ಹೆಸರಿನಲ್ಲಿ ಎಷ್ಟು ಕಾಲ ದಾರಿ ಹೇಳುವುದು? ನನ್ನ ಮಗಳ ಕಾಲಕ್ಕೆ ಟೈರ್ ಅಂಗಡಿಯೂ ಇರಲಾರದು. ಮನೆಗೊಂದು ಚುಕ್ಕಿ ಇರಲಿ, ನನಗೂ ಬೇಕು. ಆದರೆ ಚುಕ್ಕಿ ಮನೆಯ ಮೇಲೆ ಇರಲಿ ಎಂದು ಕೇಳುವುದು ಅತಿಯಾಸೆಯೇ?

ಈಗ ಮೂರು ದಾಟಿತು. ಒದ್ದೆ ಬಟ್ಟೆ ಬದಲಿಸಿದೆ, ಜ್ವರದ ಔಷಧಿ ಕುಡಿಸಿದ್ದೇನೆ. ಥರ್ಮಾಮೀಟರ್ ಮೂವತ್ತೆಂಟೂವರೆ ಎನ್ನುತ್ತದೆ. ಗೋಡೆಯಾಚೆ ದೋನ್ಯ ಎರ್ಮಿದಾ ಎದ್ದಿದ್ದಾರೆ. ಕಾಫಿ ಸೋಸುವ ಘಮ ಬರುತ್ತಿದೆ, ಅಳಿಯ ಮಾರುಕಟ್ಟೆಗೆ ಹೊರಡುವ ಹೊತ್ತು. ಈಗ ತಾನೇ ಕಿಟಕಿಗೆ ಬಂದು ಕೇಳಿದರು.

"ಹೆಂಗಿದಾಳೆ ಕೂಸು?"

"ಬಿಸಿ ಇಳೀತಿಲ್ಲ ದೋನ್ಯ."

"ಲಾರಿ ನಿಲ್ಸಕ್ಕೆ ಹೇಳ್ಲಾ?"

"ಬೇಡ, ಅವ್ರ ದಿನದ ಕೂಲಿ ಹೋಗತ್ತೆ. ಬರೀ ಜ್ವರ ತಾನೆ."

"ಆ ಚುಕ್ಕಿ ಸಾಹೇಬ್ರಿಗೆ ಬರೀತಿದೀಯಾ? ಬರಿ, ಬರಿ. ಗೋಲ್‌ಕೀಪರ್ ಕೇಳಿದ್ಲು ಅಂತ ಬರಿ."

ಬರೆದಿದ್ದೇನೆ. ಲಾರಿ ನಾಲ್ಕಕ್ಕೆ ಹೋಗುತ್ತದೆ, ಮಧ್ಯಾಹ್ನಕ್ಕೆ ಬರುತ್ತದೆ. ಆರಕ್ಕೆ ತಮ್ಮ ಹೊಸ ನಿಯಮ ಜಾರಿಗೆ ಬರುತ್ತದೆ. ಅಂದು ಚುಕ್ಕಿ ಮನೆ ಹಾಳಾಗಲಿ ಎಂದ ಆ ಹೆಂಗಸಿಗೆ ಇನ್ನು ಹಾಗೆ ಹೇಳುವ ಅಧಿಕಾರ ಇರುವುದಿಲ್ಲ. ಅವಳ ಪರದೆಯಲ್ಲಿ ವಿಳಾಸ ಬರೆಯುವ ಜಾಗವನ್ನೇ ತೆಗೆದಿದ್ದೀರಿ ಎಂದು ತಮ್ಮದೇ ಪ್ರಕಟಣೆ ಹೇಳುತ್ತದೆ. ಆಮೇಲೆ ಈ ಮನೆಗೂ ಆಸ್ಪತ್ರೆಗೂ ನಡುವೆ ಉಳಿಯುವುದು ಮೈದಾನದ ಆ ಒಂದು ಚುಕ್ಕಿ, ಮತ್ತು ಆ ಐದು ನಿಮಿಷ. ತಮ್ಮ ಪುಟದ ಅಭಿಪ್ರಾಯದ ಪೆಟ್ಟಿಗೆಯಲ್ಲಿ ಇನ್ನೂರು ಅಕ್ಷರ ಮಾತ್ರ ಹಿಡಿಸುತ್ತದೆ. ಅದಕ್ಕಾಗಿ ಇದನ್ನು ಊರಿನವರೆಲ್ಲ ಓದುವ ಪುಟದಲ್ಲಿ ಹಾಕುತ್ತಿದ್ದೇನೆ. ತಮ್ಮ ಪರಿಚಯದವರು ಯಾರಾದರೂ ಎಚ್ಚರವಿದ್ದರೆ ತಮ್ಮನ್ನು ಎಬ್ಬಿಸಲಿ.

ನನ್ನ ಬೇಡಿಕೆ ಇಷ್ಟು. ಆರು ಗಂಟೆಯ ನಿಯಮವನ್ನು ತಡೆಯಿರಿ. ಇಡೀ ಊರಿನ ಮನೆಗಳನ್ನು ಯಾರಾದರೂ ನಡೆದು ನೋಡುವವರೆಗೆ ಸಹಾಯವಾಣಿಯವರು ಬಾಯಿಮಾತಿನ ವಿಳಾಸ ಕೇಳಲಿ. ನೋಡದ ಮನೆಗಳು ಬೂದುಬಣ್ಣದಲ್ಲಿರಲಿ, ಫೋಟೋ ಕೆಟ್ಟರೂ ಕೆಡಲಿ. ಇಷ್ಟನ್ನು ಬೆಳಗಿನೊಳಗೆ ಮಾಡಲಾಗದಿದ್ದರೆ, ನನ್ನ ಒಂದೇ ಒಂದು ಚುಕ್ಕಿಯನ್ನು ಕಮರಿಯ ಈಚೆ ದಡಕ್ಕೆ ತನ್ನಿ. ಎರಡು ಅಂಕಿ ಬದಲಿಸುವ ಕೆಲಸ. ಆ ಅಂಕಿಗಳನ್ನು ನಾನು ಫೋನಿನಲ್ಲೇ ಓದಿ ಹೇಳುತ್ತೇನೆ, ನಿಧಾನವಾಗಿ, ಎರಡು ಸಲ.

ನನ್ನ ಫೋನ್ ಸಂಖ್ಯೆಗಾಗಿ ತಾವು ಹುಡುಕಬೇಕಿಲ್ಲ. ಅದು ತಮ್ಮ ಫೈಲಿನಲ್ಲೇ ಇದೆ, ನನ್ನ ಹೆಸರಿನ ಮುಂದೆ, ಅಂಕಿ ಅಂಕಿಯೂ ಸರಿಯಾಗಿ. ಲೋಕದಲ್ಲಿ ಯಾರು ಬೇಕಾದರೂ ಓದಬಹುದು. ಆ ಮುದ್ದಾದ ಕಿಟಕಿಯಲ್ಲಿ ಅದನ್ನು ತೋರಿಸಲು ಮಾತ್ರ ತಾವು ಮರೆತಿದ್ದೀರಿ.

ಇಂತಿ, ತಮ್ಮ ಮೈದಾನದಲ್ಲಿ ಬಲಬದಿಗೆ ನಿಲ್ಲಿಸಲ್ಪಟ್ಟ,
ಯೊರ್ಲೆನಿ ಕಿರೋಸ್, ಅಬ್ರಿಲ್‌ಳ ತಾಯಿ
ಹಳೆಯ ಐಸ್ ಕಾರ್ಖಾನೆಯಿಂದ ಮೂರು ಮೂಲೆ ದಕ್ಷಿಣಕ್ಕೆ, ಮುಕ್ಕಾಲು ಮೂಲೆ ಪೂರ್ವಕ್ಕೆ, ನೀಲಿ ಗೇಟು

ಲಾರಿ ಈಗ ಹೊರಟಿತು, ಮೂಲೆ ತಿರುಗಿದ ಸದ್ದು ಕೇಳಿಸಿತು. ಮೂವತ್ತೊಂಬತ್ತು ಆಗಿದೆ. ವ್ಯಂಗ್ಯವಾಗಿ ಬರೆದದ್ದಕ್ಕೆಲ್ಲ ಕ್ಷಮೆ ಕೇಳುತ್ತೇನೆ, ಬೇಕಿದ್ದರೆ ಮೂರು ಪ್ರತಿಯಲ್ಲಿ ಕೇಳುತ್ತೇನೆ. ಮಗುವಿನ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದರಲ್ಲಿ ಫೋನು ಹಿಡಿದುಕೊಂಡು ಕೂತಿದ್ದೇನೆ. ಕರೆ ಮಾಡಿ, ಮಾನ್ಯರೇ. ಬೆಳಗಾಗುವುದರೊಳಗೆ ಒಂದು ಕರೆ ಮಾಡಿ.